ಆಟವೂ ಒಳಾಟವೂ

ಕ್ರಿಕೆಟ್ಟಿನ ಬಗೆಗೆ ಮಾತನಾಡಲು ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬನನ್ನು ಏಕೆ ಕರೆದರು ಎಂದು ಕೇಳುಗರು ಕೇಳಿದರೆ ತಪ್ಪೇನಿಲ್ಲ. ನಾನು ಬ್ಯಾಟು ಹಿಡಿದು ಹೆಸರು ಮಾಡಿದವನಲ್ಲ. ಆದರೆ ಆಟದಲ್ಲಿ ಮೋಸ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಮಹಾಭಾರತದ ಅರ್ಧ ಕಥೆ ನಿಂತಿರುವುದೇ ಅಂಥ ಒಂದು ಆಟದ ಮೇಲೆ.

ಕೊಳ್ಳೇಗಾಲದ ಬಸ್ ನಿಲ್ದಾಣದ ಹೋಟೆಲಿನಲ್ಲಾಗಲಿ, ಹನೂರಿನ ಸಂತೆಯಲ್ಲಾಗಲಿ, ಯಳಂದೂರಿನ ಅಂಗಡಿ ಜಗಲಿಯ ಮೇಲಾಗಲಿ, ಐ.ಪಿ.ಎಲ್. ಪಂದ್ಯಗಳು ನಡೆಯುವ ದಿನಗಳಲ್ಲಿ ಕಿವಿಗೊಟ್ಟರೆ ಒಂದು ಮಾತು ತಪ್ಪದೆ ಕೇಳಿಸುತ್ತದೆ: 'ಎಲ್ಲಾ ಮೊದ್ಲೇ ಫಿಕ್ಸಾಗ್ಬುಟ್ಟದ ಬುಡಿ ಸಾ.' ಹೀಗೆ ಹೇಳುವವರಲ್ಲಿ ಕೆಲವರು ಅದೇ ಪಂದ್ಯದ ಮೇಲೆ ಹಣ ಕಟ್ಟಿರುತ್ತಾರೆ ಎಂಬುದು ಇದರ ಸ್ವಾರಸ್ಯ. ಎಲ್ಲವೂ ಮೊದಲೇ ನಿಶ್ಚಯವಾಗಿದೆ ಎಂದು ನಿಜವಾಗಿ ನಂಬಿದವನು, ಆ ನಿಶ್ಚಯ ತನಗೆ ತಿಳಿಯದಿರುವಾಗ, ಹಣವನ್ನೇಕೆ ಕಟ್ಟಬೇಕು? ಸೋತಾಗ ಸಮಾಧಾನಕ್ಕೊಂದು ಮಾತು ಬೇಕು, ಅದಕ್ಕಾಗಿ ಈ ನಂಬಿಕೆ ಎಂದು ಮೊದಮೊದಲು ನಾನು ಭಾವಿಸಿದ್ದೆ. ಆದರೆ ಸಂಶಯಕ್ಕೆ ಆಧಾರವಿಲ್ಲವೆಂದು ತಳ್ಳಿಬಿಡುವಂತೆಯೂ ಇಲ್ಲ. ಹಾಗಾದರೆ ನಿಜವೆಷ್ಟು, ಕಲ್ಪನೆಯೆಷ್ಟು ಎಂಬುದನ್ನು ಇತಿಹಾಸದಿಂದ ತೂಗಿ ನೋಡುವುದು ಈ ಮಾತಿನ ಉದ್ದೇಶ.

ಮೊದಲು ದ್ಯೂತದ ಪ್ರಸಂಗ. ಶಕುನಿಯ ದಾಳಗಳು ಅವನ ತಂದೆಯ ಮೂಳೆಯಿಂದ ಮಾಡಿದವು, ಅವು ಅವನು ಹೇಳಿದಂತೆ ಬೀಳುತ್ತಿದ್ದುವು ಎಂಬ ಕಥೆ ನಮ್ಮ ಹಳ್ಳಿಗಳಲ್ಲೆಲ್ಲ ಪ್ರಚಾರದಲ್ಲಿದೆ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ. ಶಕುನಿ ಕಪಟವನ್ನು ಆಶ್ರಯಿಸಿ ಗೆದ್ದ ಎಂದು ಅಲ್ಲಿ ಪಣಪಣಕ್ಕೂ ಬರುತ್ತದೆ. ಕಪಟ ಯಾವ ಬಗೆಯದು ಎಂಬ ವಿವರ ಮಾತ್ರ ಬರುವುದಿಲ್ಲ. ಮೋಸವಾಯಿತೆಂದು ಎಲ್ಲರೂ ಬಲ್ಲರು, ಹೇಗೆಂದು ತೋರಿಸಬಲ್ಲವರಿಲ್ಲ. ಆ ಖಾಲಿ ಜಾಗವನ್ನು ತುಂಬಲು ಜನರ ಕಲ್ಪನೆ ಮೂಳೆಯ ದಾಳವನ್ನು ಸೃಷ್ಟಿಸಿತು. ಹೋಟೆಲಿನ ಹರಟೆಯಲ್ಲಿ ಇಂದು ನಡೆಯುವುದೂ ಹೆಚ್ಚುಕಡಿಮೆ ಇದೇ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಪಣವೊಡ್ಡಿದವನು ದುರ್ಯೋಧನ, ಆಡಿದವನು ಶಕುನಿ. ಹಣ ಒಬ್ಬನದು, ಕೈ ಇನ್ನೊಬ್ಬನದು. ಈ ಏರ್ಪಾಟು ಮುಂದೆ ಮತ್ತೆ ಬರುತ್ತದೆ.

ಲಿಖಿತ ಇತಿಹಾಸದಲ್ಲಿ ಇದರ ಹಳೆಯ ನಿದರ್ಶನ ಗ್ರೀಸಿನ ಒಲಿಂಪಿಯಾದಲ್ಲಿದೆ. ಕ್ರಿಸ್ತಪೂರ್ವ 388ರ ಕ್ರೀಡಾಕೂಟದಲ್ಲಿ ಥೆಸಲಿಯ ಯೂಪೋಲಸ್ ಎಂಬ ಮುಷ್ಟಿಮಲ್ಲ ತನ್ನ ಮೂವರು ಎದುರಾಳಿಗಳಿಗೆ ಲಂಚ ಕೊಟ್ಟು ಗೆದ್ದನೆಂದು ಪ್ರವಾಸಿ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಕೊಟ್ಟವನಿಗೂ ಕೊಂಡವರಿಗೂ ದಂಡ ಬಿತ್ತು. ಆ ದಂಡದ ಹಣದಿಂದ ಸ್ಯೂಸ್ ದೇವರ ಆರು ಕಂಚಿನ ಪ್ರತಿಮೆಗಳನ್ನು ಮಾಡಿಸಿ, ಮಲ್ಲರು ಅಂಗಣಕ್ಕೆ ಹೋಗುವ ದಾರಿಯಲ್ಲಿ ಸಾಲಾಗಿ ನಿಲ್ಲಿಸಿದರು. ಕಂಚು ಕಾಲವಶವಾಯಿತು, ಪೀಠದ ಕಲ್ಲುಗಳನ್ನು ಇಂದಿಗೂ ಕಾಣಬಹುದು.

ಅಲ್ಲಿಂದ ಒಂದೇ ನೆಗೆತಕ್ಕೆ ಅಮೆರಿಕಕ್ಕೆ ಬರೋಣ. 1919ರಲ್ಲಿ ಅವರ ಬೇಸ್‌ಬಾಲಿನ ಮಹಾಸರಣಿಯಲ್ಲಿ ಚಿಕಾಗೋ ತಂಡ ಸಿನ್ಸಿನಾಟಿಗೆ ಸೋತಿತು. ಜೂಜುಗಾರರಿಂದ ಹಣ ಪಡೆದು ಸೋಲಲು ಸಂಚು ಮಾಡಿದರೆಂದು ಎಂಟು ಆಟಗಾರರ ಮೇಲೆ ಆರೋಪ ಬಂತು. 1921ರ ಆಗಸ್ಟಿನಲ್ಲಿ ನ್ಯಾಯಾಲಯದ ಪಂಚರು ಅವರನ್ನು ಬಿಡುಗಡೆ ಮಾಡಿದರು. ಮರುದಿನವೇ ಆಟದ ಆಡಳಿತಾಧಿಕಾರಿಯಾಗಿದ್ದ ಲ್ಯಾಂಡಿಸ್ ಎಂಟು ಜನರನ್ನೂ ಆಟದಿಂದ ಹೊರಗಟ್ಟಿದ. ಕಾನೂನಿನ ತಕ್ಕಡಿ ಒಂದು, ಆಟದ ತಕ್ಕಡಿ ಇನ್ನೊಂದು. ಈ ಸಂಗತಿಯನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ದೇಶದ ಮಟ್ಟಿಗೆ ಕಣ್ಣು ತೆರೆದದ್ದು 2000ದ ಏಪ್ರಿಲಿನಲ್ಲಿ. ದೆಹಲಿಯ ಪೊಲೀಸರು ಬೇರೊಂದು ಸುಲಿಗೆ ಪ್ರಕರಣದ ತನಿಖೆಗಾಗಿ ದೂರವಾಣಿಗೆ ಕಿವಿಗೊಟ್ಟು ಕುಳಿತಿದ್ದಾಗ, ಅದರಲ್ಲಿ ದಕ್ಷಿಣ ಆಫ್ರಿಕಾ ತಂಡದ ನಾಯಕ ಹಾನ್ಸಿ ಕ್ರೋನಿಯೆಯ ಧ್ವನಿ ಕೇಳಿಸಿತು. ಹುಡುಕಿ ಹೊರಟು ಹಿಡಿದದ್ದಲ್ಲ, ಆಕಸ್ಮಿಕ. ಮೊದಲು ನಿರಾಕರಿಸಿದ ಕ್ರೋನಿಯೆ ನಾಲ್ಕಾರು ದಿನಗಳಲ್ಲಿ ಒಪ್ಪಿಕೊಂಡ. ನಿವೃತ್ತ ನ್ಯಾಯಾಧೀಶ ಕಿಂಗ್ ಅವರ ಆಯೋಗದ ಮುಂದೆ ಹೊರಬಿದ್ದ ಸಂಗತಿಗಳನ್ನು ಓದಿದರೆ ಆಶ್ಚರ್ಯವಾಗುವುದು ಮೊತ್ತದ ದೊಡ್ಡತನಕ್ಕಲ್ಲ, ಅದರ ಚಿಕ್ಕತನಕ್ಕೆ. ಟೆಸ್ಟ್ ಪಂದ್ಯವೊಂದು ಡ್ರಾ ಆಗದಂತೆ ನೋಡಿಕೊಂಡದ್ದಕ್ಕೆ ಒಂದಿಷ್ಟು ಹಣ ಮತ್ತು ಒಂದು ಚರ್ಮದ ಕೋಟು! ನಮ್ಮ ಬೆಂಗಳೂರಿನಲ್ಲಿ ಅದೇ ವರ್ಷದ ಮಾರ್ಚಿಯ ಟೆಸ್ಟಿನ ಹೊತ್ತಿಗೆ ಆತ ತಂಡದ ಮೂವರು ಆಟಗಾರರ ಮುಂದೆ ಈ ಮಾತೆತ್ತಿದ್ದ; ಅವರು ತಮಾಷೆಯೆಂದು ತಳ್ಳಿಹಾಕಿದರು.

ನಾಗಪುರದ ಒಂದು ದಿನದ ಪಂದ್ಯದ ಕಥೆ ಇನ್ನೂ ವಿಚಿತ್ರ. ಹರ್ಷಲ್ ಗಿಬ್ಸ್ ಇಪ್ಪತ್ತಕ್ಕಿಂತ ಕಡಿಮೆ ರನ್ನಿಗೆ ಔಟಾಗಬೇಕು, ಅದಕ್ಕೆ 15,000 ಡಾಲರು ಎಂದು ಮಾತಾಗಿತ್ತು. ಗಿಬ್ಸ್ ಒಪ್ಪಿದ್ದ. ಆದರೆ ಅಂಗಣಕ್ಕಿಳಿದ ಮೇಲೆ ಚೆಂಡು ಬ್ಯಾಟಿಗೆ ಚೆನ್ನಾಗಿ ಸಿಗತೊಡಗಿತು. ಆತ 74 ರನ್ ಹೊಡೆದ. ತಂಡ 270ನ್ನು ದಾಟಬಾರದೆಂದಿದ್ದುದು ಮುನ್ನೂರನ್ನೂ ದಾಟಿ ಪಂದ್ಯವನ್ನೇ ಗೆದ್ದಿತು. ಆದರೂ ಒಪ್ಪಿದ ತಪ್ಪಿಗಾಗಿ ಗಿಬ್ಸ್‌ಗೆ ಆರು ತಿಂಗಳ ನಿಷೇಧ ಬಿತ್ತು, ಕ್ರೋನಿಯೆಗೆ ಆಜೀವ. ನಮ್ಮವರೇ ಆದ ಅಜರುದ್ದೀನರಿಗೂ ಆ ವರ್ಷದ ಡಿಸೆಂಬರಿನಲ್ಲಿ ಆಜೀವ ನಿಷೇಧವಾಯಿತು; ಅದು ಕಾನೂನುಬದ್ಧವಲ್ಲವೆಂದು ಆಂಧ್ರ ಹೈಕೋರ್ಟು ಹೇಳಿದ್ದು 2012ರಲ್ಲಿ.

ಈ ನಾಗಪುರದ ಪ್ರಸಂಗದಿಂದ ನನಗೆ ಹೊಳೆಯುವುದು ಇಷ್ಟು. 'ಎಲ್ಲವೂ ಮೊದಲೇ ಬರೆದಿಟ್ಟ ನಾಟಕ, ಮಾಲೀಕರೇ ಲಾಭಕ್ಕಾಗಿ ಆಡಿಸುತ್ತಾರೆ' ಎಂಬ ಮಾತು ನಿಲ್ಲುವುದಿಲ್ಲ. ಇಪ್ಪತ್ತೆರಡು ಜನ, ಇಬ್ಬರು ಅಂಪೈರುಗಳು, ಗಾಳಿ, ಪಿಚ್ಚು ಎಲ್ಲವೂ ಸೇರಿ ಒಂದು ಫಲಿತಾಂಶ ಹುಟ್ಟುತ್ತದೆ. ಅಷ್ಟನ್ನೂ ಹಿಡಿತದಲ್ಲಿಟ್ಟುಕೊಂಡು, ಅಷ್ಟು ಜನರ ಬಾಯನ್ನೂ ವರ್ಷಗಟ್ಟಲೆ ಮುಚ್ಚಿಡುವುದು ಸುಲಭವಲ್ಲ. ನಿಜವಾಗಿಯೂ ಬರೆದಿಟ್ಟ ನಾಟಕವಾದರೆ ಅದು ಗುಟ್ಟಾಗಿ ಉಳಿಯುವುದೂ ಇಲ್ಲ. ಅಮೆರಿಕದ ವೃತ್ತಿ ಕುಸ್ತಿಯ ದೊಡ್ಡ ಸಂಸ್ಥೆ 1989ರಲ್ಲಿ ನ್ಯೂ ಜರ್ಸಿಯ ಶಾಸಕರ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾನೇ ಹೇಳಿಕೊಂಡಿತು. ಒಳಒಪ್ಪಂದದ ಕುಸ್ತಿಗೆ ಉರ್ದುವಿನಲ್ಲಿ 'ನೂರಾ ಕುಸ್ತಿ' ಎಂಬ ಹೆಸರೇ ಇದೆಯಷ್ಟೆ. ಇತಿಹಾಸದಲ್ಲಿ ಸಿಕ್ಕಿಬಿದ್ದಿರುವ ಮೋಸಗಳು ಇದಕ್ಕಿಂತ ಚಿಕ್ಕವು: ಒಂದು ಓವರು, ಒಂದು ನೋಬಾಲು, ಒಬ್ಬನ ನಿಧಾನದ ಬ್ಯಾಟಿಂಗು. ಅದಕ್ಕೆ ಒಬ್ಬಿಬ್ಬರು ಸಾಕು. ಜೂಜುಕಟ್ಟೆಯವನಿಗೆ ಬೇಕಾದುದು ಪಂದ್ಯದ ಗೆಲುವಲ್ಲ, ಉಳಿದವರಿಗೆ ತಿಳಿಯದ ಒಂದು ಸಣ್ಣ ಸಂಗತಿ ತನಗೊಬ್ಬನಿಗೆ ಮೊದಲೇ ತಿಳಿದಿರುವುದು. ಇಂಥ ತಿಳಿವಳಿಕೆ ಅಗ್ಗವಾಗಿ ದೊರೆಯುವುದು ಕೋಟಿ ಎಣಿಸುವ ತಾರೆಗಳಲ್ಲಿ ಅಲ್ಲ. ದೊಡ್ಡ ತಂಡದ ಆಸೆ ಕೈತಪ್ಪಿ, ಮೂವತ್ತರ ಆಚೀಚೆ ನಿಂತ ಆಟಗಾರರಿರುವ ಚಿಕ್ಕ ಪಂದ್ಯಾವಳಿಗಳಲ್ಲಿ.

ಈಗ ನಮ್ಮ ಮನೆಯ ಕಥೆ. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಆರಂಭವಾಯಿತು. ಬಳ್ಳಾರಿ, ಹುಬ್ಬಳ್ಳಿ, ಬೆಳಗಾವಿ, ಬಿಜಾಪುರ, ಶಿವಮೊಗ್ಗ, ಮೈಸೂರು, ಬೆಂಗಳೂರು ಎಂದು ಊರಿನ ಹೆಸರು ಹೊತ್ತ ತಂಡಗಳು. ಚಾಮರಾಜನಗರ ಜಿಲ್ಲೆಗೆ ತಂಡವಿರಲಿಲ್ಲವಾದ್ದರಿಂದ ನಮ್ಮ ಕಡೆಯ ಹುಡುಗರು ಮೈಸೂರನ್ನೇ ತಮ್ಮದೆಂದುಕೊಂಡರು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಅಂತಿಮ ಪಂದ್ಯ, ನಾನು ಎಂ.ಎ. ಓದಿದ ಮಾನಸಗಂಗೋತ್ರಿಯ ಮಗ್ಗುಲಿನ ಮೈದಾನದಲ್ಲಿ. ಹುಬ್ಬಳ್ಳಿಯ ತಂಡ ಬಳ್ಳಾರಿಯ ತಂಡವನ್ನು ಎಂಟು ರನ್ನುಗಳಿಂದ ಸೋಲಿಸಿತು. ನೋಡಿದವರಿಗೆಲ್ಲ ಅದೊಂದು ಬಿಗುವಿನ ಪಂದ್ಯ.

ಕೆಲವೇ ವಾರಗಳಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬಂಧನಗಳನ್ನು ಆರಂಭಿಸಿದರು. ಒಂದು ತಂಡದ ಮಾಲೀಕ, ಒಬ್ಬ ಬೌಲಿಂಗ್ ತರಬೇತುದಾರ, ಹಲವು ಆಟಗಾರರು, ಕೊನೆಗೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ಸಮಿತಿಯ ಸದಸ್ಯರೊಬ್ಬರು. ಮೈಸೂರಿನ ಆ ಅಂತಿಮ ಪಂದ್ಯದಲ್ಲಿ ನಿಧಾನವಾಗಿ ಬ್ಯಾಟು ಮಾಡಲು ಇಪ್ಪತ್ತು ಲಕ್ಷ ರೂಪಾಯಿ ಕೈಬದಲಾಯಿಸಿತೆಂಬುದು ಪೊಲೀಸರ ಆರೋಪ. ಆರೋಪಕ್ಕೊಳಗಾದವರ ಹೆಸರುಗಳನ್ನು ಪತ್ರಿಕೆಗಳು ಅಂದು ದಪ್ಪಕ್ಷರದಲ್ಲಿ ಅಚ್ಚುಮಾಡಿದುವು. ನಾನು ಅವನ್ನು ಇಲ್ಲಿ ಹೇಳುವುದಿಲ್ಲ. ಸಾಬೀತಾಗದ ಆರೋಪದ ಜೊತೆಗೆ ಹೆಸರನ್ನು ಅಂಟಿಸುವುದು ನ್ಯಾಯವಲ್ಲ.

ಸಾಬೀತಾಗುವ ಹಂತಕ್ಕೆ ಮೊಕದ್ದಮೆ ಹೋಗಲೂ ಇಲ್ಲ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ತನ್ನ ಮುಂದೆ ಬಂದಿದ್ದ ಆರೋಪಿಗಳ ಮೇಲಿನ ಪ್ರಕರಣವನ್ನು ರದ್ದುಗೊಳಿಸಿತು. ನ್ಯಾಯಾಲಯದ ತರ್ಕವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ದಂಡಸಂಹಿತೆಯ 420ನೆಯ ಕಲಮಿನಡಿ ವಂಚನೆಯಾಗಬೇಕಾದರೆ, ಒಬ್ಬನನ್ನು ಮೋಸದಿಂದ ಪ್ರೇರೇಪಿಸಿ ಅವನಿಂದ ಸ್ವತ್ತನ್ನು ಪಡೆದಿರಬೇಕು. ಪ್ರೇಕ್ಷಕನು ನ್ಯಾಯವಾದ ಆಟ ನೋಡುತ್ತೇನೆಂದು ಭಾವಿಸಿರಬಹುದು. ಆದರೆ ಟಿಕೆಟನ್ನು ಕೊಂಡದ್ದು ಸ್ವಂತ ಇಚ್ಛೆಯಿಂದ. ಫಿಕ್ಸಿಂಗು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು. ಅದಕ್ಕೆ ಕ್ರಮ ಕೈಗೊಳ್ಳಬೇಕಾದ್ದು ಕ್ರಿಕೆಟ್ ಮಂಡಳಿ. ಕ್ರಿಕೆಟ್ಟು ಕ್ರೀಡೆಯಾದ್ದರಿಂದ ಅದರ ಮೇಲಿನ ಬಾಜಿ ಪೊಲೀಸ್ ಕಾಯಿದೆ ಹೇಳುವ ಜೂಜಿನ ವ್ಯಾಖ್ಯೆಗೂ ಬಾರದು.

ಇದನ್ನು ಓದಿದಾಗ ನನಗೆ ಹಸ್ತಿನಾವತಿಯ ಸಭೆ ನೆನಪಾಯಿತು. ಧರ್ಮರಾಯನೂ ಆಟಕ್ಕೆ ಕುಳಿತದ್ದು ಕರೆಗೆ ಓಗೊಟ್ಟು, ತಾನಾಗಿಯೇ. ಅಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯಾದರೂ ಏನು? ದಾಳದಲ್ಲಿ ಮೋಸವಿತ್ತೇ ಎಂದು ಆಕೆ ಕೇಳಲಿಲ್ಲ. ತನ್ನನ್ನು ತಾನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಉಳಿದಿತ್ತೇ ಎಂದು ಕೇಳಿದಳು. ಅದು ಅಪ್ಪಟ ಕಾನೂನಿನ ಪ್ರಶ್ನೆ, ಭೀಷ್ಮರಿಗೂ ಉತ್ತರ ಹೊಳೆಯಲಿಲ್ಲ. ಹೈಕೋರ್ಟಿನ ಮೇಲೆ ಕೆಲವು ಗೆಳೆಯರು ಸಿಟ್ಟಾದರು; ನಾನು ಆಗಲಿಲ್ಲ. ಇರುವ ಕಾನೂನಿನ ಅಳತೆಗೆ ಅಪರಾಧ ಹೊಂದದಿದ್ದರೆ ನ್ಯಾಯಾಧೀಶರು ಕಾನೂನನ್ನು ಎಳೆದು ಹಿಗ್ಗಿಸಬಾರದು. ಕೊರತೆ ಇದ್ದದ್ದು ಶಾಸನ ಮಾಡುವವರಲ್ಲಿ. ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವೆಂದು ಸಾರಬೇಕೆಂದು ಕಾನೂನು ಆಯೋಗ 2018ರಲ್ಲಿಯೇ ಹೇಳಿತ್ತು.

ಆದರೂ ಪ್ರೇಕ್ಷಕನು ಏನನ್ನು ಕಳೆದುಕೊಂಡ ಎಂಬ ಪ್ರಶ್ನೆ ಉಳಿಯುತ್ತದೆ. ಟಿಕೆಟಿಗೆ ಅವನು ಪಂದ್ಯವನ್ನು ಪಡೆದನಲ್ಲ! ಹನೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾದರೆ ನಾನು ಮಲೆಯ ಮಾದಪ್ಪನ ಕಥೆಗೆ ಹೋಗುತ್ತೇನೆ. ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಶ್ರವಣದೊರೆ ಸೋಲುತ್ತಾನೆಂದು, ಹರಳಯ್ಯ ಮಾಡಿಕೊಟ್ಟ ಅರಗಿನ ಪಾದರಕ್ಷೆಯಿಂದಲೇ ಅವನ ಅಂತ್ಯವೆಂದು, ಕೇಳುವ ಮಗುವಿಗೂ ಗೊತ್ತು. ಗೊತ್ತಿದ್ದರೂ ಯಾರೂ ಎದ್ದುಹೋಗುವುದಿಲ್ಲ. ಕಥೆಯ ಸೊಗಸಿರುವುದು ಅದರ ಹೇಳಿಕೆಯಲ್ಲಿ. ಕ್ರಿಕೆಟ್ಟಿನ ಪ್ರೇಕ್ಷಕನಾದರೋ ಕೊಟ್ಟ ಹಣಕ್ಕೆ ಪಡೆಯುವುದು ಮುಂದೇನಾಗುವುದೋ ಯಾರಿಗೂ ಗೊತ್ತಿಲ್ಲ ಎಂಬ ಒಂದು ಸ್ಥಿತಿಯನ್ನು. ಆಡುವವನಿಗೆ ಅದು ಮೊದಲೇ ಗೊತ್ತಿದ್ದರೆ ಮಾರಾಟವಾದ ಪದಾರ್ಥವೇ ಅಲ್ಲಿಲ್ಲ. ಹೈಕೋರ್ಟಿನ ತೀರ್ಪಿನಲ್ಲಿ ನಾನು ಒಪ್ಪದ ಅಂಶ ಇದೊಂದೇ.

ಇಂಗ್ಲೆಂಡಿನಲ್ಲಿ ಜೂಜಿನ ಕಾಯಿದೆಯೊಳಗೇ ಮೋಸಕ್ಕೊಂದು ಕಲಮಿದೆ. 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಬೇಕೆಂದೇ ನೋಬಾಲು ಹಾಕಿಸಿದ, ಹಾಕಿದ ಪಾಕಿಸ್ತಾನದ ಮೂವರು ಆಟಗಾರರನ್ನು ಮರುವರ್ಷ ಸೆರೆಮನೆಗೆ ಕಳಿಸಲು ಅದು ನೆರವಾಯಿತು. ಶ್ರೀಲಂಕಾ 2019ರಲ್ಲಿ ಇದಕ್ಕೆಂದೇ ಒಂದು ಕಾಯಿದೆ ಮಾಡಿಕೊಂಡಿತು. ನಮ್ಮಲ್ಲಿ ಹೈಕೋರ್ಟಿನ ತೀರ್ಪಿನ ಮೇಲೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಇದು ವಂಚನೆಯೇ ಎಂಬ ವಾದವನ್ನು ಕ್ರಿಕೆಟ್ ಮಂಡಳಿಯೂ ಅಲ್ಲಿ ಮುಂದಿಟ್ಟಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದು ಬಾಜಿ ಕಟ್ಟಿಸುವವನ ಮೇಲಿನ ಕಾಯಿದೆ, ಆಟವನ್ನು ಮಾರಿಕೊಂಡವನ ಮೇಲಿನದಲ್ಲ.

ಹಳೆಯ ಲೀಗು 2019ರೊಂದಿಗೆ ನಿಂತುಹೋಯಿತು. 2022ರಲ್ಲಿ ಅದೇ ರಾಜ್ಯ ಸಂಸ್ಥೆ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನ ಪಂದ್ಯಾವಳಿಯನ್ನು ಆರಂಭಿಸಿತು. ಹಳೆಯದರ ಅಂಕಪಟ್ಟಿಯಲ್ಲಿ ಮೈಸೂರಿನ ಆ ಅಂತಿಮ ಪಂದ್ಯ ಹಾಗೆಯೇ ಇದೆ: ಹುಬ್ಬಳ್ಳಿಗೆ ಎಂಟು ರನ್ನುಗಳ ಗೆಲುವು.