ಅಂತರ್ಜಾಲದಲ್ಲಿ ಕೊಂಡ ಉಪಕರಣ ಕೆಟ್ಟರೆ: ಗ್ರಾಹಕರಿಗಿರುವ ದಾರಿಗಳು

ಮಾಟುಂಗದ ಅಂಗಡಿಯಲ್ಲಿ ಕೊಂಡ ಗ್ರೈಂಡರ್ ಕೆಟ್ಟರೆ ಅದನ್ನು ಟ್ಯಾಕ್ಸಿಯಲ್ಲಿ ಇಟ್ಟುಕೊಂಡು ಹೋಗಿ ಅಂಗಡಿಯವರ ಎದುರಿಗೇ ಇಳಿಸಿ ವಿಚಾರಿಸುವ ಕಾಲವೊಂದಿತ್ತು. ಇಂದು ಮನೆಯಲ್ಲಿ ಕುಳಿತೇ ವಸ್ತುಗಳನ್ನು ತರಿಸಿಕೊಳ್ಳುತ್ತೇವೆ. ಆದರೆ ಕೊಟ್ಟವರು ಯಾರು, ಎಲ್ಲಿಯವರು ಎಂಬುದು ವಸ್ತು ಕೆಟ್ಟಾಗಲೇ ನಮಗೆ ನೆನಪಾಗುವುದು.

ನಮ್ಮ ಮನೆಯ ಅನುಭವವನ್ನೇ ಹೇಳುವುದಾದರೆ, ಹಬ್ಬಕ್ಕೆಂದು ತರಿಸಿದ ದೋಸೆ ಹಿಟ್ಟಿನ ಗ್ರೈಂಡರ್ ಮೂರನೆಯ ಬಾರಿಗೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ಹಿಂದಿರುಗಿಸುವ 7 ದಿನಗಳ ಅವಧಿ ಮುಗಿದಿದೆ ಎಂದು ಮಾರಿದ ತಾಣದವರು ತಯಾರಕರತ್ತ ಕೈತೋರಿದರು. ತಯಾರಕರ ಕಡೆಯಿಂದ ಬಂದ ಮೆಕ್ಯಾನಿಕ್ ಮೋಟಾರಿಗೆ ನೀರು ಹೋಗಿದೆ, ತಪ್ಪು ನಿಮ್ಮದೇ ಎಂದು ಬರೆದು ಹೋದರು. ಹಿಂದಿಯಲ್ಲಿ ವಾದಿಸಲಾರದ ನಮ್ಮ ತಾಯಿಯವರು "ಹೋಗಲಿ ಬಿಡು, ಹಣದ ಋಣ ಅಷ್ಟೇ" ಎಂದು ಸುಮ್ಮನಾದರು. ಹೀಗೆ ಸುಮ್ಮನಾಗುವ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದಲೇ ಈ ಲೇಖನ.

ಕಾನೂನು ಏನು ಹೇಳುತ್ತದೆ?

1986ರ ಕಾಯ್ದೆಯ ಸ್ಥಾನದಲ್ಲಿ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಜುಲೈ 2020ರಲ್ಲಿ ಜಾರಿಗೆ ಬಂದಿತು. ಅದೇ ತಿಂಗಳು ಅಂತರ್ಜಾಲ ವ್ಯಾಪಾರಕ್ಕೆಂದೇ ಪ್ರತ್ಯೇಕ ನಿಯಮಗಳು ಪ್ರಕಟವಾದವು. ಅವುಗಳ ಪ್ರಕಾರ ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅದನ್ನು ಹಿಂದಕ್ಕೆ ಪಡೆಯಲು ಇಲ್ಲವೇ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪ್ರತಿಯೊಂದು ತಾಣವೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ ಅವರ ಹೆಸರು, ವಿಳಾಸಗಳನ್ನು ಪ್ರಕಟಿಸಬೇಕು. ಆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು.

ಹೊರನಾಡಿನಲ್ಲಿರುವ ನಮಗೆ ಮುಖ್ಯವಾದ ಅಂಶ ಇನ್ನೊಂದಿದೆ. ಹಳೆಯ ಕಾಯ್ದೆಯಲ್ಲಿ ಎದುರುಪಕ್ಷದವರು ಇರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ಮೊಕದ್ದಮೆ ಹೂಡಬೇಕಿತ್ತು. ಈಗ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮಾರಾಟಗಾರರು ದೆಹಲಿಯಲ್ಲಿದ್ದರೂ ಡೊಂಬಿವಲಿಯವರು ಠಾಣೆ ಜಿಲ್ಲೆಯಲ್ಲಿಯೇ ನ್ಯಾಯ ಕೇಳಬಹುದು.

ಮಾಡಬೇಕಾದ ಕ್ರಮಗಳು

ಮೊದಲನೆಯದಾಗಿ, ಪೆಟ್ಟಿಗೆ ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರೀಕರಿಸಿ, ಬಂದ ದಿನವೇ ಉಪಕರಣವನ್ನು ನಡೆಸಿ ನೋಡಬೇಕು. ಬಿಲ್ಲು, ವಾರಂಟಿ ಚೀಟಿ ಮತ್ತು ಪೆಟ್ಟಿಗೆಯನ್ನು ಜೋಪಾನವಾಗಿ ಇಡಬೇಕು.

ಎರಡನೆಯದಾಗಿ, ದೂರವಾಣಿಯ ಮಾತಿಗೆ ದಾಖಲೆ ಉಳಿಯುವುದಿಲ್ಲ. ಆದ್ದರಿಂದ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕಳುಹಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮೆಕ್ಯಾನಿಕ್ ಬರೆದ ವರದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಒಪ್ಪಿಗೆಯಿಲ್ಲದ ವರದಿಗೆ ಸಹಿ ಮಾಡಬಾರದು. ಗ್ರಾಹಕ ಸೇವೆಯ ಸಂಖ್ಯೆಯನ್ನು ತಾಣದಲ್ಲಿಯೇ ನೋಡಿ ತೆಗೆದುಕೊಳ್ಳಬೇಕು. ಬೇರೆಡೆ ಹುಡುಕಿದರೆ ಸಿಗುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಹಣ ಮರಳಿಸುತ್ತೇವೆಂದು ಓಟಿಪಿ ಕೇಳಿದವರಿಗೆ ಅದನ್ನು ಎಂದಿಗೂ ಹೇಳಬಾರದು.

ಮೂರನೆಯದಾಗಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇದು ನ್ಯಾಯಾಲಯವಲ್ಲ, ಆದೇಶ ಹೊರಡಿಸುವುದಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಇಲ್ಲಿ ಸೇವೆ ದೊರೆಯುವ 17 ಭಾಷೆಗಳಲ್ಲಿ ಕನ್ನಡವೂ ಒಂದು.

ನಾಲ್ಕನೆಯದಾಗಿ, ಇದರಿಂದಲೂ ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಜನವರಿ 2025ರಲ್ಲಿ ಆರಂಭವಾದ 'ಇ-ಜಾಗೃತಿ' ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. 3 ತಿಂಗಳಲ್ಲಿ, ಪರೀಕ್ಷೆ ಅಗತ್ಯವಾದರೆ 5 ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹಲವು ಬಾರಿ ಹೆಚ್ಚು ಕಾಲ ಹಿಡಿಯುವುದರಿಂದ ತಾಳ್ಮೆಯೂ ಬೇಕು.

ನಮ್ಮ ಗ್ರೈಂಡರಿನ ವಿಷಯ ಆಯೋಗದವರೆಗೆ ಹೋಗಲಿಲ್ಲ. ಸಹಾಯವಾಣಿಗೆ ಕರೆ ಮಾಡಿ ಫೋನನ್ನು ತಾಯಿಯವರ ಕೈಗೇ ಕೊಟ್ಟೆವು. ನಡೆದುದನ್ನು ಅವರು ಕನ್ನಡದಲ್ಲಿ ಒಂದೊಂದಾಗಿ ಹೇಳಿದರು. ಎರಡು ವಾರಗಳ ನಂತರ ಬದಲಿ ಗ್ರೈಂಡರ್ ಬಂದಿತು. "ನನ್ನ ತಪ್ಪಲ್ಲ ಎಂದು ಈಗಲಾದರೂ ಒಪ್ಪಿಕೊಂಡರಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟಾಗ, ಇಷ್ಟು ದಿನ ಅವರನ್ನು ಕಾಡಿದ್ದು ಹಣವಲ್ಲ ಎಂಬುದು ನಮಗೆ ಅರಿವಾಯಿತು.

ಓದುಗರು ತಮ್ಮ ಮನೆಯ ಹಿರಿಯರಿಗೆ 1915 ಎಂಬ ಸಂಖ್ಯೆಯನ್ನು ಬರೆದುಕೊಟ್ಟು, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದೆಂದು ತಿಳಿಸಬೇಕಾಗಿ ನಮ್ಮ ವಿನಂತಿ.