ಬೇರಿಯಾಟ್ರಿಕ್ ಸರ್ಜರಿ ಮತ್ತು ಇನ್ಸುಲಿನ್ ಸಂವೇದನೆ

ಬೇರಿಯಾಟ್ರಿಕ್ ಸರ್ಜರಿ ಎಂದರೆ ಜಠರವನ್ನು ಕಿರಿದಾಗಿಸಿ, ಇಲ್ಲವೆ ಆಹಾರ ಸಾಗುವ ಕರುಳಿನ ದಾರಿಯನ್ನೇ ಬದಲಿಸಿ ಅತಿಬೊಜ್ಜನ್ನು ಇಳಿಸುವ ಶಸ್ತ್ರಚಿಕಿತ್ಸೆ. 1954ರಲ್ಲಿ ಅಮೆರಿಕದ ಕ್ರೆಮೆನ್ ಮತ್ತು ಸಂಗಡಿಗರು ವರದಿ ಮಾಡಿದ ಕರುಳಿನ ಬೈಪಾಸ್‌ನಿಂದ ತೂಕವೇನೋ ಇಳಿಯುತ್ತಿತ್ತು. ಯಕೃತ್ತು ಕೆಡುತ್ತಿದ್ದುದರಿಂದ ಆ ವಿಧಾನ ಮುಂದೆ ಮೂಲೆ ಸೇರಿತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು.

ಶುಗರ್ ಇಳಿದದ್ದು ಯಾರೂ ಎಣಿಸದ ಫಲ. ಶಸ್ತ್ರಚಿಕಿತ್ಸಕ ವಾಲ್ಟರ್ ಪೋರೀಸ್ 1995ರಲ್ಲಿ ಕೊಟ್ಟ ಲೆಕ್ಕದಂತೆ ಬೈಪಾಸ್ ಆದ 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಹದಕ್ಕೆ ಬಂದಿತ್ತು. ಹಲವರಿಗೆ ತೂಕ ಇಳಿಯುವ ಮೊದಲೇ, ದಿನಗಳೊಳಗೆ ಹೀಗಾಗಿತ್ತು.

ಕಾರಣ ಹುಡುಕಲು ನೆರವಾದದ್ದು 1979ರಲ್ಲಿ ಡಿಫ್ರಾಂಜೋ ವಿವರಿಸಿದ ಕ್ಲ್ಯಾಂಪ್ ಪರೀಕ್ಷೆ. ರಕ್ತನಾಳಕ್ಕೆ ಒಂದೇ ವೇಗದಲ್ಲಿ ಇನ್ಸುಲಿನ್ ಹರಿಸಿ, ಸಕ್ಕರೆ ಕುಸಿಯದಂತೆ ಗ್ಲೂಕೋಸ್ ಡ್ರಿಪ್ ಹೆಚ್ಚು ಕಡಿಮೆ ಮಾಡುತ್ತಾರೆ. ಗ್ಲೂಕೋಸ್ ಎಷ್ಟು ಹೆಚ್ಚು ಬೇಕಾಯಿತೋ ದೇಹ ಅಷ್ಟು ಚೆನ್ನಾಗಿ ಇನ್ಸುಲಿನ್ ಮಾತು ಕೇಳುತ್ತಿದೆ, ಅಂದರೆ ಇನ್ಸುಲಿನ್ ಸಂವೇದನೆ ಅಷ್ಟು ಹೆಚ್ಚು ಎಂದರ್ಥ. ಬೈಪಾಸ್ ನಂತರ ಮೊದಲು ಸುಧಾರಿಸುವುದು ಯಕೃತ್ತು, ಅದೂ ಬಹುಮಟ್ಟಿಗೆ ಊಟ ಕಡಿಮೆಯಾದ್ದರಿಂದ. ಸ್ನಾಯುಗಳ ಸರದಿ ತೂಕ ಇಳಿದಂತೆ, ತಿಂಗಳುಗಳ ಮೇಲೆ. ಕರುಳಿನ ಜಿಎಲ್‌ಪಿ-1 ಹಾರ್ಮೋನ್ ಏರುವುದರಿಂದ ಹೆಚ್ಚುವುದು ಮುಖ್ಯವಾಗಿ ಇನ್ಸುಲಿನ್ ಸ್ರವಿಕೆ. ಅದನ್ನೂ ಸಂವೇದನೆಯೆಂದೇ ಬರೆಯುವ ತಪ್ಪು ಸಾಮಾನ್ಯ.

ಇದು ಮಧುಮೇಹಕ್ಕೆ ಶಾಶ್ವತ ಮದ್ದಲ್ಲ. ಕ್ಲೀವ್‌ಲ್ಯಾಂಡಿನ ಸ್ಟಾಂಪೀಡ್ ಅಧ್ಯಯನದಲ್ಲಿ ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ) ಶೇ. 6ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರು ಬೈಪಾಸ್ ಗುಂಪಿನಲ್ಲಿ ವರ್ಷದ ಕೊನೆಗೆ ಶೇ. 42, ಐದು ವರ್ಷಕ್ಕೆ ಶೇ. 29. ಬರೀ ಔಷಧಿಯವರಲ್ಲಿ ಐದು ವರ್ಷಕ್ಕೆ ಶೇ. 5 ಮಾತ್ರ.

ಹೊಸಪೇಟೆಯ ಬೆಳಗಿನ ಒಗ್ಗರಣೆ-ಮಿರ್ಚಿ, ಕಂಪ್ಲಿಯ ಅನ್ನದ ಊಟ ಆಪರೇಷನ್ ಆದವರ ತಟ್ಟೆಯಲ್ಲಿ ಕೆಲವು ತುತ್ತಿಗೆ ಇಳಿಯುತ್ತವೆ. ಬೈಪಾಸ್ ಆದವರು ಸಿಹಿ ಜಾಸ್ತಿ ತಿಂದರೆ ಬೆವರು, ಎದೆಬಡಿತ, ಭೇದಿ. ಬಿ12, ಕಬ್ಬಿಣದ ಮಾತ್ರೆ ಮತ್ತು ರಕ್ತಪರೀಕ್ಷೆ ಬದುಕಿರುವತನಕ ತಪ್ಪದು.

ಯಾರಿಗೆ ಮಾಡಬೇಕು ಎಂಬುದೂ ಬದಲಾಗಿದೆ. ಕಡಿಮೆ ತೂಕದಲ್ಲೇ ಏಷ್ಯಾದವರಿಗೆ ಮಧುಮೇಹ ಬರುವುದರಿಂದ, ಶುಗರ್ ಹತೋಟಿಗೆ ಬಾರದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 27.5ರಿಂದಲೇ ಇದನ್ನು ಪರಿಗಣಿಸಬಹುದೆಂದು 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. 165 ಸೆಂ.ಮೀ. ಎತ್ತರದ ಸಂಡೂರಿನ ಗಣಿ ಕಾರ್ಮಿಕನಿಗೆ ಅದು ಸುಮಾರು 75 ಕಿಲೋ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿ ಮಾತ್ರ ವಿಮೆಯ ಹಣ ಸಿಗಲು ಇಂಥ ಮಧುಮೇಹಿಗೂ ಬಿಎಂಐ 35 ಕೇಳಿತು. ಅದರಂತೆ ಅದೇ ಕಾರ್ಮಿಕ ಸುಮಾರು 95 ಕಿಲೋ ತೂಗಬೇಕಿತ್ತು.