ಏಷ್ಯಾ (67): ಕ್ಷುದ್ರಗ್ರಹ

ಮಂಗಳ ಮತ್ತು ಗುರುಗ್ರಹಗಳ ನಡುವಣ ಮುಖ್ಯ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುವ ಶಿಲಾಮಯ ಕ್ಷುದ್ರಗ್ರಹ. ನಾರ್ಮನ್ ರಾಬರ್ಟ್ ಪಾಗ್ಸನ್ 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಿಂದ ಇದನ್ನು ಪತ್ತೆಹಚ್ಚಿದ. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹವಾದ್ದರಿಂದ ಈ ಹೆಸರು. ಗ್ರೀಕ್ ಪುರಾಣದಲ್ಲಿ ಇದೇ ಹೆಸರಿನ ದೇವತೆಯೂ ಇದ್ದುದರಿಂದ ಪುರಾಣದ ಹೆಸರನ್ನೇ ಇಡುವ ಅಂದಿನ ಸಂಪ್ರದಾಯಕ್ಕೂ ಭಂಗ ಬರಲಿಲ್ಲ.

ಪಾಗ್ಸನ್ ಅದೇ ವರ್ಷದ ಆರಂಭದಲ್ಲಷ್ಟೇ ಮದ್ರಾಸಿಗೆ ಬಂದಿದ್ದ. ಆಕ್ಸ್‌ಫರ್ಡಿನಲ್ಲಿದ್ದಾಗಲೇ ಮೂರು ಕ್ಷುದ್ರಗ್ರಹಗಳನ್ನು ಕಂಡಿದ್ದವನು. ತಾರೆಗಳ ಕಾಂತಿಮಾನಕ್ಕೆ ಇಂದಿಗೂ ಬಳಕೆಯಲ್ಲಿರುವ ಅಳತೆಯನ್ನು 1856ರಲ್ಲಿ ಸೂಚಿಸಿದವನೂ ಅವನೇ. ಆಗ ಛಾಯಾಫಲಕಗಳ ನೆರವಿರಲಿಲ್ಲ. ದೂರದರ್ಶಕದಲ್ಲಿ ಕಂಡ ಚುಕ್ಕಿಗಳನ್ನು ನಕ್ಷತ್ರ ನಕ್ಷೆಯೊಂದಿಗೆ ಕಣ್ಣಲ್ಲೇ ಹೋಲಿಸಿ, ನಕ್ಷೆಯಲ್ಲಿಲ್ಲದ ಚುಕ್ಕಿ ಮುಂದಿನ ರಾತ್ರಿ ಜಾಗ ಬದಲಿಸಿದೆಯೇ ಎಂದು ನೋಡಬೇಕಿತ್ತು. ಮದ್ರಾಸಿನಿಂದ ಆತ ಮುಂದೆ ಸ್ಯಾಫೊ, ಸಿಲ್ವಿಯಾ, ಕ್ಯಾಮಿಲ್ಲಾ, ವೆರಾಗಳನ್ನೂ ಕಂಡುಹಿಡಿದ. 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಪಾಗ್ಸನ್‌ನ ಹೆಸರು ಹೇಳುವಾಗ ಅವನ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಮರೆತುಹೋಗುವುದೇ ಹೆಚ್ಚು. ‘ಆರ್ ರೆಟಿಕ್ಯುಲಿ’ ಎಂಬ ಚರತಾರೆಯನ್ನು 1867ರಲ್ಲಿ ಗುರುತಿಸಿದ ಆಚಾರಿಗೆ ಇತಿಹಾಸದಲ್ಲಿ ಇನ್ನಷ್ಟು ಜಾಗ ಸಲ್ಲಬೇಕು.

ಏಷ್ಯಾ ಸೂರ್ಯನಿಂದ ಸರಾಸರಿ 2.42 ಖಗೋಳಮಾನ ದೂರದಲ್ಲಿದೆ. ಅಂದರೆ ಭೂಮಿ–ಸೂರ್ಯರ ಅಂತರದ ಎರಡೂವರೆ ಪಟ್ಟಿಗೆ ತುಸು ಕಡಿಮೆ. ಕಕ್ಷೆಯ ಉತ್ಕೇಂದ್ರತೆ ಸುಮಾರು 0.18. ಹಾಗಾಗಿ ಸೂರ್ಯನಿಗೆ ತೀರ ಹತ್ತಿರವಾದಾಗ ದೂರ 1.97 ಖಗೋಳಮಾನಕ್ಕೆ ಇಳಿಯುತ್ತದೆ, ದೂರ ಸರಿದಾಗ 2.87ಕ್ಕೆ ಏರುತ್ತದೆ. ಭೂಕಕ್ಷೆಯ ಸಮತಲಕ್ಕೆ ಇದರ ಓರೆ 6 ಡಿಗ್ರಿ. ಒಂದು ಸುತ್ತಿಗೆ ಸುಮಾರು 3.77 ವರ್ಷ ಬೇಕು, ಇದು ಮಂಗಳನ ವರ್ಷದ ಹೆಚ್ಚುಕಡಿಮೆ ಇಮ್ಮಡಿ. ಸರಾಸರಿ ವೇಗ ಸೆಕೆಂಡಿಗೆ 19 ಕಿ.ಮೀ.

ವ್ಯಾಸ 60 ಕಿ.ಮೀ. ಆಸುಪಾಸು. ಚಿತ್ರದುರ್ಗದಿಂದ ಹೊಳಲ್ಕೆರೆ ಹಾದು ಹೊಸದುರ್ಗ ತಲುಪುವ ರಸ್ತೆಯಷ್ಟು. ತನ್ನ ಅಕ್ಷದಲ್ಲಿ ಒಮ್ಮೆ ತಿರುಗಲು ಸುಮಾರು 15.9 ಗಂಟೆ ಹಿಡಿಯುತ್ತದೆ. ಇದು ದಿನದ ಮೂರನೇ ಎರಡು ಭಾಗಕ್ಕೆ ತೀರ ಸಮೀಪ; ಹೀಗಾಗಿ ಒಂದೇ ಊರಿನಿಂದ ದಿನಬಿಟ್ಟು ದಿನ ನೋಡಿದರೆ ಅದೇ ಮುಖ ಎದುರಾಗುತ್ತದೆ. ಇದರ ಬೆಳಕಿನ ಏರಿಳಿತವನ್ನು ಪೂರ್ತಿ ಅಳೆಯುವುದು ಕಷ್ಟವಾದದ್ದು ಈ ಕಾರಣಕ್ಕೆ.

ಮದ್ರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲ್‌ಗೆ ಹೋಯಿತು. ಅದೇ ಪರಂಪರೆ 1971ರಲ್ಲಿ ಸ್ವಾಯತ್ತ ಸಂಸ್ಥೆಯಾದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಮದ್ರಾಸಿನ ಹಳೆಯ ದಾಖಲೆಗಳೂ ಈಗ ಅಲ್ಲೇ ಇವೆ. 1885ರಲ್ಲಿ ವೆರಾ ಸಿಕ್ಕ ಮೇಲೆ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ಸಿಗಲು ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಈ ಸಂಸ್ಥೆಯ ಆರ್. ರಾಜಮೋಹನ್ ಕ್ಷುದ್ರಗ್ರಹಗಳನ್ನು ಹುಡುಕುವ ‘ಕಲ್ಕಿ’ ಯೋಜನೆಯಡಿ, ಕಾವಲೂರಿನ 45 ಸೆಂ.ಮೀ. ಷ್ಮಿಟ್ ದೂರದರ್ಶಕದಿಂದ 1988ರಲ್ಲಿ ಒಂದನ್ನು ಪತ್ತೆಮಾಡಿದರು. ಅದು ಈಗ 4130 ರಾಮಾನುಜನ್. ಅವರೇ ಕಂಡ ಇನ್ನೊಂದಕ್ಕೆ ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯರ ಹೆಸರಿದೆ.

ಏಷ್ಯಾ ಬರಿಗಣ್ಣಿಗೆ ಕಾಣದು. ಸುಮಾರು 16 ತಿಂಗಳಿಗೊಮ್ಮೆ ಆಕಾಶದಲ್ಲಿ ಸೂರ್ಯನಿಗೆ ಎದುರಾಗಿ ಬರುತ್ತದೆ. ಆ ಹೊತ್ತಿಗೆ ಸೂರ್ಯನಿಗೂ ಹತ್ತಿರವಿದ್ದರೆ ಕಾಂತಿಮಾನ 10ರ ಆಸುಪಾಸಿಗೆ ಬಂದು ಸಣ್ಣ ದೂರದರ್ಶಕಕ್ಕೆ ಸಿಗುತ್ತದೆ. ಚಿತ್ರದುರ್ಗ, ಹಿರಿಯೂರುಗಳು ಚೆನ್ನೈಗಿಂತ ಒಂದು ಡಿಗ್ರಿಯಷ್ಟೇ ಉತ್ತರಕ್ಕಿರುವುದರಿಂದ ಪಾಗ್ಸನ್ ನೋಡಿದ ಆಕಾಶವೇ ಹೆಚ್ಚುಕಡಿಮೆ ಇಲ್ಲಿಯೂ ಕಾಣುತ್ತದೆ. ನೋಡಬಯಸುವವರು ಊರ ದೀಪಗಳಿಂದ ದೂರ, ಬೆಳದಿಂಗಳಿಲ್ಲದ ರಾತ್ರಿಯನ್ನೇ ಆರಿಸಿಕೊಳ್ಳಬೇಕು.